ಕಮರಿ ಅಂಚಲ್ಲಿ ವಿಸಿಟರ್ ಸೆಂಟರ್: ಇಡೀ ಗೋಡೆ ಗಾಜು ಹಾಕೋದಾ, ಬೇಡ್ವಾ?

ಗೆರೆ_ಮತ್ತು_ಬಂಡೆ:

ಎಲ್ಲರಿಗೂ ನಮಸ್ಕಾರ. ಸಣ್ಣ ಆರ್ಕಿಟೆಕ್ಚರ್ ಆಫೀಸು ನಮ್ದು, ಈಗ ಕೈಲಿರೋದು ಒಂದು ವಿಸಿಟರ್ ಸೆಂಟರ್ ಕೆಲಸ. ಎಲ್ಲಿ ಅಂತ ಹೇಳೋ ಹಾಗಿಲ್ಲ, ಆದ್ರೆ ಸೈಟ್ ಹೆಂಗಿದೆ ಅಂತ ಹೇಳ್ಬೋದು. ಆಳವಾದ ಕಮರಿ, ನಮ್ಮ ಜಾಗ ಅದರ ಪೂರ್ವದ ಅಂಚಲ್ಲಿ, ಹಾಗಾಗಿ ನೋಟ ಎಲ್ಲಾ ಪಶ್ಚಿಮಕ್ಕೆ. ಎದುರಿನ ಬಂಡೆಗೋಡೆ ಸುಮಾರು 200 ಮೀಟರ್ ದೂರ, ಆಳ 180ರ ಆಸುಪಾಸು. ಬಲಗಡೆ, ಅಂದ್ರೆ ವಾಯವ್ಯಕ್ಕೆ, ಎದುರು ಗೋಡೆ ಮೇಲಿಂದ ಫಾಲ್ಸ್ ಬೀಳುತ್ತೆ. ಅಂಚಿಂದ 30 ಮೀಟರ್ ಬಿಟ್ಟು ಕಟ್ಬೇಕು ಅಂತ ಷರತ್ತಿದೆ, ವ್ಯೂ ಪ್ಲಾಟ್‌ಫಾರ್ಮ್ ಥರ ಹಗುರವಾದ್ದು ಮಾತ್ರ ಮುಂದಕ್ಕೆ ಹೋಗ್ಬೋದು.

ಕ್ಲೈಂಟ್ ಕಡೆಯವರಿಗೆ ಬೇಕಾಗಿರೋದು ಒಂದೇ, ಕಮರಿ ಕಡೆಗೆ 40 ಮೀಟರ್ ಉದ್ದಕ್ಕೂ ನೆಲದಿಂದ ಸ್ಲ್ಯಾಬ್‌ವರೆಗೆ ಗಾಜು. ಬಾಗ್ಲು ತೆಗೆದು ಒಳಗೆ ಕಾಲಿಟ್ಟ ತಕ್ಷಣ ಜನ ಅಬ್ಬಾ ಅನ್ಬೇಕು ಅಂತಾರೆ. ಆ ಥರ ಒಂದು ರೆಂಡರ್, ಅಂದ್ರೆ ಕಟ್ಟಿದ್ಮೇಲೆ ಹೇಗೆ ಕಾಣುತ್ತೆ ಅನ್ನೋ ಕಂಪ್ಯೂಟರ್ ಚಿತ್ರ, ಮಾಡಿ ತೋರಿಸಿದ್ವಿ, ಎಲ್ಲರಿಗೂ ಬಹಳ ಹಿಡಿಸ್ತು. ನನಗೇ ಸಮಾಧಾನ ಇಲ್ಲ. ಯಾಕಂದ್ರೆ ಸೈಟಲ್ಲಿ ನಡೀತಾ ಹೋಗ್ವಾಗ ಪೊದೆಗಳ ನಡುವೆ ಒಂದು ಸೀಳು ಸಿಗುತ್ತೆ, ಅಲ್ಲಿಂದ ನೋಡಿದ್ರೆ ಫಾಲ್ಸ್ ಬರೀ ಒಂದು ಬಿಳಿ ಗೀಟಾಗಿ ಕಾಣುತ್ತೆ, ಅಕ್ಕಪಕ್ಕ ಏನೂ ಇಲ್ಲ, ಆಕಾಶಾನೂ ಇಲ್ಲ. ಅಲ್ಲಿ ನಿಂತ್ರೆ ಹೆಜ್ಜೆ ಮುಂದಕ್ಕೆ ಹೋಗಲ್ಲ. ಅದೇ ಹತ್ತು ಹೆಜ್ಜೆ ಆಚೆ ಪೂರ್ತಿ ಬಯಲಲ್ಲಿ ನಿಂತ್ರೆ ಎಲ್ಲಾ ಕಾಣುತ್ತೆ, ಆದ್ರೆ ಎರಡು ನಿಮಿಷಕ್ಕೆ ಕಣ್ಣು ಬೇರೆ ಕಡೆ ಹೋಗುತ್ತೆ.

ಇಷ್ಟು ದೊಡ್ಡ ನೋಟನ ಕಟ್ಟಡ ಫ್ರೇಮ್ ಮಾಡೋದು ಅಂದ್ರೆ ಏನು, ಎಷ್ಟು ತೋರಿಸ್ಬೇಕು, ಎಷ್ಟು ಬಿಡ್ಬೇಕು? ಪಶ್ಚಿಮದ ಬಿಸಿಲಿಗೆ ಅಷ್ಟು ಗಾಜು ಹಾಕಿದ್ರೆ ಏನು ಗತಿ? ಇಂಥ ಕೆಲಸ ಮಾಡಿದವರು, ಇಂಥ ಕಡೆ ಕೆಲಸಕ್ಕಿದ್ದವರು, ಯಾರಾದ್ರೂ ಸರಿ, ನೇರವಾಗಿ ಹೇಳಿ. ಕ್ಲೈಂಟ್ ಮುಂದೆ ಇಟ್ಟು ಮಾತಾಡೋಕೆ ನನಗೆ ಆಧಾರ ಬೇಕು.

ಕಲ್ಲುಗಾರೆ:

ಮೊದಲು ಆ ಪೊದೆ ಸೀಳನ್ನ ಸರ್ವೇ ಡ್ರಾಯಿಂಗಲ್ಲಿ ಗುರುತು ಹಾಕಿಸಿ ಮೇಡಂ, ಸೈಟ್ ಕ್ಲೀನ್ ಮಾಡ್ತೀವಿ ಅಂತ ಯಾರಾದ್ರೂ ಬಂದು ಸವರಿಬಿಡೋಕೆ ಮುಂಚೆ. ನಿಮ್ಮ ಡಿಸೈನಿನ ಅರ್ಧ ಅಲ್ಲೇ ಇದೆ ಅನ್ಸುತ್ತೆ ನನಗೆ.

ಇಂಥ ಕಟ್ಟಡದಲ್ಲಿ ಎಲ್ಲಿ ತೆರೀಬೇಕು ಅನ್ನೋಕೆ ಮೊದಲು ಎಲ್ಲಿ ಮುಚ್ಚಬೇಕು ಅಂತ ತೀರ್ಮಾನ ಮಾಡ್ಕೋಬೇಕು. ಸ್ಪೇನಿನ ಲಾಂಜರೋಟೆ ದ್ವೀಪದಲ್ಲಿ ಸೀಸರ್ ಮನ್ರೀಕೆ ಅನ್ನೋ ಕಲಾವಿದ ಜೊತೆಗಾರರ ಜೊತೆ ಮಾಡಿದ ಮಿರಾದೋರ್ ದೆಲ್ ರಿಯೋ ಅಂತ ಒಂದು ನೋಟದ ಕಟ್ಟಡ ಇದೆ, 1973ರದ್ದು, ಸಮುದ್ರದಿಂದ 470 ಮೀಟರಿಗೂ ಎತ್ತರದ ಬಂಡೆ ತಲೆ ಮೇಲೆ. ಹೊರಗಿಂದ ನೋಡಿದ್ರೆ ಬರೀ ಕಲ್ಲುಗೋಡೆ, ಕಟ್ಟಡ ಇದೆ ಅಂತಾನೇ ಗೊತ್ತಾಗಲ್ಲ, ಬಂಡೆ ಕಡಿದು ಒಳಗೆ ಕೂರಿಸಿ ಮೇಲೆ ಮತ್ತೆ ಮುಚ್ಚಿದಾರೆ. ಒಳಗೆ ಹೋದ್ರೆ ಬಾಗಿ ಬಾಗಿ ಹೋಗೋ ಬಿಳಿ ಓಣಿ, ಅಲ್ಲಿ ಸಮುದ್ರದ ಸುಳಿವೇ ಇಲ್ಲ. ಓಣಿ ಮುಗಿದ ಕೂಡಲೇ ಎರಡು ಭಾರಿ ಕಿಟಕಿ, ಕೆಳಗೆ ನೀರು, ನೀರಿನಾಚೆ ಲಾ ಗ್ರಸಿಯೋಸ ದ್ವೀಪ ಪೂರ್ತಿ. ಪಾರ್ಕಿಂಗಿಂದಲೇ ಅದೆಲ್ಲಾ ಕಂಡಿದ್ರೆ ಆ ಕಿಟಕಿ ಮುಂದೆ ಯಾರೂ ನಿಲ್ತಿರ್ಲಿಲ್ಲ. ನಿಮ್ಮ ಕ್ಲೈಂಟ್‌ಗೆ ಬೇಕಾದ "ಅಬ್ಬಾ" ಹುಟ್ಟೋದು ಓಣಿಯಲ್ಲಿ, ಅದನ್ನ ಅವರಿಗೆ ಪ್ಲಾನ್ ಇಟ್ಟು ತೋರಿಸಿ.

ಎರಡನೇದು ಮಧ್ಯದ ಭಾಗ ತೆಗೆದುಹಾಕೋದು. ಕ್ಯೋಟೋದ ಎಂತ್ಸೂ-ಜಿ ದೇವಾಲಯದ ತೋಟದಲ್ಲಿ ಕೂತ್ರೆ ಮುಂದೆ ಪಾಚಿ, ಕಲ್ಲು, ಆಮೇಲೆ ಕತ್ತರಿಸಿ ನೇರ ಮಾಡಿದ ಒಂದು ಬೇಲಿ, ಬೇಲಿ ಮೇಲೆ ನೇರವಾಗಿ ದೂರದ ಹಿಯೇ ಪರ್ವತ. ಬೇಲಿಗೂ ಪರ್ವತಕ್ಕೂ ಮಧ್ಯೆ ಇರೋದನ್ನೆಲ್ಲಾ ಆ ಬೇಲಿ ನುಂಗಿಬಿಡುತ್ತೆ, ಮರದ ಕಾಂಡಗಳೇ ನೋಟಕ್ಕೆ ಅಡ್ಡಪಟ್ಟಿ ಇಲ್ಲದ ಚೌಕಟ್ಟು. ಶಕ್ಕೇ ಅಂತಾರೆ ಈ ಪದ್ಧತಿಗೆ. ನಿಮ್ಮಲ್ಲಿ ಕಟ್ಟಡಕ್ಕೂ ಅಂಚಿಗೂ ನಡುವೆ 30 ಮೀಟರ್ ಇದೆ ಅಂದ್ರಲ್ಲ, ಅಲ್ಲಿ ನಾಳೆ ರೇಲಿಂಗು, ಬೋರ್ಡು, ಡಸ್ಟ್‌ಬಿನ್ನು, ಸೆಲ್ಫಿ ತಗೊಳ್ಳೋ ಜನ ಎಲ್ಲಾ ಬಂದು ಕೂರುತ್ತೆ, ನೆಲದವರೆಗೂ ಗಾಜು ಹಾಕಿದ್ರೆ ಒಳಗಿಂದ ನೋಡೋರಿಗೆ ಮೊದಲು ಕಾಣೋದೇ ಅದು. ಕಿಟಕಿ ಸಿಲ್, ಅಂದ್ರೆ ಕೆಳಗಿನ ಕಟ್ಟೆ, ಸ್ವಲ್ಪ ಎತ್ತರಿಸಿ ಅಥವಾ ಮುಂದೆ ಒಂದು ಮಣ್ಣಿನ ದಿಬ್ಬ ಎಬ್ಬಿಸಿ, ಅಷ್ಟೂ ಮಾಯ ಆಗುತ್ತೆ.

ಇನ್ನು ಮುಖ್ಯವಾದ ವಿಷಯ, ಇದನ್ನ ದಯವಿಟ್ಟು ನೀವೇ ಪೇಪರ್ ಮೇಲೆ ಗೀಚಿ ನೋಡಿ. ಆ ರೆಂಡರ್ ಡ್ರೋನ್ ಫೋಟೋ ಇಟ್ಟು ಮಾಡಿದ್ದು ಅಲ್ವಾ? ಅದರಲ್ಲಿ ಕಮರಿ ತಳ ಕಾಣ್ತಿರುತ್ತೆ. ಒಳಗೆ ನಿಂತ ಮನುಷ್ಯನಿಗೆ ಅದು ಕಾಣೋದೇ ಇಲ್ಲ. ಸೆಕ್ಷನ್ ಹಾಕಿ, ಅಂದ್ರೆ ಜಾಗನ ಉದ್ದಕ್ಕೆ ಸೀಳಿ ಪಕ್ಕದಿಂದ ನೋಡಿದ ಹಾಗೆ ಚಿತ್ರ: ಕಣ್ಣಿನ ಎತ್ತರ ಒಂದೂವರೆ ಮೀಟರ್, ಅಂಚು 30 ಮೀಟರ್ ಮುಂದೆ. ಕಣ್ಣಿಂದ ಅಂಚಿಗೆ ತಾಗಿಸಿ ಗೆರೆ ಎಳೆದ್ರೆ ಅದು 20ಕ್ಕೆ 1ರಂತೆ ಇಳಿಯುತ್ತೆ, 200 ಮೀಟರ್ ಆಚೆಯ ಗೋಡೆಗೆ ಹೋಗಿ ಬಡಿಯೋದು ಅಂಚಿನ ಮಟ್ಟದಿಂದ ಬರೀ 10 ಮೀಟರ್ ಕೆಳಗೆ. ಅಂದ್ರೆ 180 ಮೀಟರ್ ಗೋಡೆಯಲ್ಲಿ ಮೇಲಿನ 10 ಮೀಟರ್ ಮಾತ್ರ ಕಾಣುತ್ತೆ, ಉಳಿದಿದ್ದೆಲ್ಲಾ ಆಕಾಶ. ಹಾಲನ್ನ 3 ಮೀಟರ್ ಎತ್ತರಿಸಿದ್ರೆ 30 ಮೀಟರ್ ಕಾಣುತ್ತೆ, ಚಾವಣಿ ಮೇಲೆ 6 ಮೀಟರಲ್ಲಿ ನಿಂತ್ರೆ 50. ಎದುರು ಗೋಡೆಯ ಬುಡ ಕಾಣ್ಬೇಕು ಅಂದ್ರೆ ಅಂಚಿಂದ ಎರಡು ಮೀಟರ್ ಒಳಗೇ ಹೋಗಿ ನಿಲ್ಬೇಕು, ಬೇರೆ ದಾರಿ ಇಲ್ಲ.

ಹಾಗಾಗಿ ಒಳಗಿನ ಕಿಟಕಿಗೂ ಹೊರಗಿನ ಪ್ಲಾಟ್‌ಫಾರ್ಮಿಗೂ ಕೆಲಸ ಬೇರೆ ಬೇರೆ ಅಂತ ಮೊದಲೇ ಹಂಚಿಬಿಡಿ. ಆಳ ಪೂರ್ತಿ ಹೊರಗಿನ ಅನುಭವ. ಒಳಗೆ ಫಾಲ್ಸಿನ ನೆತ್ತಿ, ನೀರು ಬಂಡೆ ಬಿಟ್ಟು ಗಾಳಿಗೆ ಹಾರೋ ಆ ಜಾಗ, ಅಷ್ಟೇ ಇರ್ಲಿ. ಅದು ಎಷ್ಟು ಹೊತ್ತು ನೋಡಿದ್ರೂ ಬೇಜಾರಾಗಲ್ಲ.

ಫಸಾಡ್_ಕೆಲಸ:

ಕಲ್ಲುಗಾರೆ ಸರ್ ಸೆಕ್ಷನ್ ಬಗ್ಗೆ ಹೇಳಿದ್ದು ಸರಿ. ನಾನು ಗಾಜಿನ ಕಡೆಯಿಂದ ಬರೀತೀನಿ, ದಿನಾ ಅದೇ ಕೆಲಸ.

ಪಶ್ಚಿಮಕ್ಕೆ ಮುಖ ಅಂದ್ರೆ ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ, ಎದುರು ಗೋಡೆಗೆ ನೇರ ಬೆಳಕು, ಬಣ್ಣ ಎಲ್ಲಾ ಎದ್ದು ಕಾಣುತ್ತೆ. ಮಧ್ಯಾಹ್ನ ಮೂರರ ಮೇಲೆ ಎಲ್ಲಾ ಉಲ್ಟಾ. ಸೂರ್ಯ ನೋಡೋರ ಕಣ್ಣಿಗೇ ಹೊಡೀತಾನೆ, ಎದುರು ಗೋಡೆ ನೆರಳಲ್ಲಿ ಕಪ್ಪಗಾಗುತ್ತೆ, 40 ಮೀಟರ್ ಗಾಜಿಂದ ಒಳಗೆ ಬರೋ ಶಾಖಕ್ಕೆ ಎಷ್ಟು ಎಸಿ ಹಾಕಿದ್ರೂ ಸಾಲಲ್ಲ. ಆಗ ಏನು ಮಾಡ್ತಾರೆ ಅಂದ್ರೆ ಒಳಗಡೆ ಬ್ಲೈಂಡ್ಸ್ ಇಳಿಸ್ತಾರೆ, ನೋಟ ಹೋಯ್ತು. ಇಲ್ಲಾಂದ್ರೆ ಮೊದಲೇ ಟಿಂಟೆಡ್ ಗಾಜು ಅಥವಾ ರಿಫ್ಲೆಕ್ಟಿವ್ ಗಾಜು ಹಾಕ್ತಾರೆ, ಆಗ ದಿನವಿಡೀ ಮೋಡ ಕವಿದ ಹಾಗೆ ಕಾಣುತ್ತೆ. ಎರಡೂ ಬೇಡ. ಫಾಲ್ಸ್ ಇರೋದು ವಾಯವ್ಯಕ್ಕೆ ಅಂದ್ರಲ್ಲ, ಮುಖ್ಯ ಕಿಟಕಿನ ಆ ಕಡೆಗೇ ತಿರುಗಿಸಿ, ಎಡಗಡೆ ಅಂದ್ರೆ ನೈರುತ್ಯದ ಕಡೆ ಒಂದು ದಪ್ಪ ಗೋಡೆ ಮುಂದಕ್ಕೆ ಚಾಚಿ ನಿಲ್ಲಲಿ. ವರ್ಷದ ಬಹುಪಾಲು ಮಧ್ಯಾಹ್ನದ ಬಿಸಿಲನ್ನ ಆ ಗೋಡೆ ತಡೆಯುತ್ತೆ, ಎದುರು ಗೋಡೆ ನೆರಳಿಗೆ ಹೋಗೋವರೆಗೂ ಫಾಲ್ಸಿಗೆ ಪಕ್ಕದಿಂದ ಬೆಳಕು ಬೀಳುತ್ತೆ, ಬಂಡೆಯ ಉಬ್ಬುತಗ್ಗು ಕಾಣೋದು ಪಕ್ಕದ ಬೆಳಕಲ್ಲೇ. ಬೇಸಿಗೆ ಕೊನೇ ಹೊತ್ತಿನ ಬಿಸಿಲು ಮಾತ್ರ ನುಗ್ಗುತ್ತೆ, ಅದಕ್ಕೆ ಹೊರಗಡೆ ಸರಿಸೋ ಮರದ ಪಟ್ಟಿ ಶಟರ್ ಇಡಿ.

ಕಣ್ಣಿಗೆ ಚುಚ್ಚೋದು ಜಾಸ್ತಿ ಪಾಲು ಆಕಾಶ, ಹಾಗಾಗಿ ಕಿಟಕಿ ತಲೆ ಕೆಳಗೆ ತನ್ನಿ. ಸ್ಲ್ಯಾಬ್‌ವರೆಗೂ ಗಾಜು ಎಳೆಯೋದ್ರಿಂದ ಸಿಗೋದು ಬರೀ ಆಕಾಶ, ಶಾಖ. ಎರಡೂಕಾಲು ಮೀಟರಿಗೆ ಲಿಂಟಲ್ ನಿಲ್ಲಿಸಿ ಮೇಲೆ ಆಳವಾದ ಛಜ್ಜಾ ಕೊಟ್ರೆ ಬಂಡೆ ಮೇಲೆ ಕಣ್ಣು ನಿಲ್ಲುತ್ತೆ.

ಆಮೇಲೆ ಪ್ರತಿಬಿಂಬ. ಸಾದಾ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಲ್ಲಿ ಸುಮಾರು 4% ವಾಪಸ್ ಕಳಿಸುತ್ತೆ, ಎರಡು ಪದರದ ಡಬಲ್ ಗ್ಲೇಜಿಂಗ್‌ಗೆ ನಾಲ್ಕು ಮೈ. ಹೊರಗೆ ಬೆಳಕಿರೋವರೆಗೂ ಗೊತ್ತಾಗಲ್ಲ, ಸಂಜೆ ಹೊರಗೆ ಮಂಕಾಗಿ ಒಳಗೆ ಲೈಟ್ ಹಾಕಿದ್ರಿ ಅಂದ್ರೆ ಗಾಜಲ್ಲಿ ಕಾಣೋದು ಟಿಕೆಟ್ ಕೌಂಟರು, ಎಕ್ಸಿಟ್ ಬೋರ್ಡು. ಏರ್‌ಪೋರ್ಟಿನ ಕಂಟ್ರೋಲ್ ಟವರ್ ನೋಡಿದೀರಲ್ಲ, ಗಾಜಿನ ಮೇಲ್ತುದಿ ಹೊರಕ್ಕೆ ವಾಲಿರುತ್ತೆ. ಹಾಗೆ ವಾಲಿಸಿದ್ರೆ ಒಳಗಿರೋರಿಗೆ ಗಾಜಲ್ಲಿ ಸೀಲಿಂಗ್ ಕಾಣುತ್ತೆ, ಎದುರಿನ ಗೋಡೆ ಕಾಣಲ್ಲ, ಆ ಸೀಲಿಂಗನ್ನ ಕಪ್ಪು ಮಾಡಿಬಿಟ್ರೆ ಪ್ರತಿಬಿಂಬವೇ ಇಲ್ಲದ ಹಾಗೆ. ನೀವೂ ನೋಡೋ ಕೋಣೆಯ ಸೀಲಿಂಗು, ಹಿಂದಿನ ಗೋಡೆ ಎರಡನ್ನೂ ಗಾಢ ಬಣ್ಣ ಮಾಡಿ, ಕಿಟಕಿಯ ಅಕ್ಕಪಕ್ಕದ ಓರೆ ಮೈ ಮಾತ್ರ ತಿಳಿ ಬಣ್ಣ ಇರ್ಲಿ, ಇಲ್ಲಾಂದ್ರೆ ಕತ್ತಲೆ ಕೋಣೆಯಿಂದ ಬೆಳಕಿನ ತೂತು ನೋಡಿದ ಹಾಗೆ ಕಣ್ಣು ನೋಯುತ್ತೆ. ಗಾಜು ಲೋ-ಐರನ್, ಅಂದ್ರೆ ಕಬ್ಬಿಣದಂಶ ಕಮ್ಮಿ ಇರೋದು ತಗೊಳ್ಳಿ, ಸಾದಾ ಗಾಜು ದಪ್ಪ ಆದಷ್ಟೂ ಹಸಿರು ಹೊಡೆಯುತ್ತೆ, ಬಿಳಿ ನೀರಿನ ಮೇಲೆ ಆ ಹಸಿರು ಬೇಗ ಗೊತ್ತಾಗುತ್ತೆ.

ಹಕ್ಕಿಗಳ ವಿಷಯ ಬಿಡಬೇಡಿ, ಇದು ಕೈಮುಗಿದು ಕೇಳ್ಕೊಳ್ಳೋದು. ಕಮರಿ ಅಂಚಲ್ಲಿ ಗಾಳಿ ಮೇಲೇಳೋ ಜಾಗದಲ್ಲಿ ಹಕ್ಕಿಗಳ ಓಡಾಟ ಜಾಸ್ತಿ, ಗಾಜಲ್ಲಿ ಆಕಾಶ, ಮರ ಕಂಡು ನೇರ ಬಂದು ಬಡೀತವೆ. ಅಮೆರಿಕ ಒಂದರಲ್ಲೇ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿ ಸಾಯ್ತವೆ ಅಂತ 2014ರ ಒಂದು ಅಧ್ಯಯನದ ಅಂದಾಜು. ಗಾಜಿನ ಹೊರಮೈ ಮೇಲೆ ಸಣ್ಣ ಚುಕ್ಕಿ ಸಾಲು, ಚುಕ್ಕಿಯಿಂದ ಚುಕ್ಕಿಗೆ 5 ಸೆಂಟಿಮೀಟರ್ ಮೀರಬಾರದು. ಒಳಮೈಗೆ ಹಾಕಿದ್ರೆ ಪ್ರಯೋಜನ ಕಮ್ಮಿ, ಹೊರಗಿನ ಪ್ರತಿಬಿಂಬ ಅದನ್ನ ಮುಚ್ಚಿಬಿಡುತ್ತೆ. ಒಳಗಿಂದ ಎರಡು ಮೂರು ಮೀಟರ್ ದೂರ ನಿಂತು ಆಚೆ ನೋಡೋರಿಗೆ ಆ ಚುಕ್ಕಿ ಅಡ್ಡ ಬರಲ್ಲ. ಗಾಜು ಕಮ್ಮಿ ಮಾಡಿದಷ್ಟೂ ಇದೆಲ್ಲಾ ತಾಪತ್ರಯ ಕಮ್ಮಿ, ಅದು ಬೇರೆ.

ಕ್ಲೀನಿಂಗ್‌ಗೆ ಹೊರಗಡೆ ಓಡಾಡೋ ಪಟ್ಟಿ ಈಗಲೇ ಡ್ರಾಯಿಂಗಲ್ಲಿ ಹಾಕಿ. ಫಾಲ್ಸ್ ತುಂತುರು ಒಣಗಿದ್ಮೇಲೆ ಗಾಜಿನ ಮೇಲೆ ಸುಣ್ಣದ ಕಲೆ ಕೂರುತ್ತೆ, ವಾರಗಟ್ಟಲೆ ಬಿಟ್ರೆ ಉಜ್ಜಿದ್ರೂ ಹೋಗಲ್ಲ.

ಕಾಲುದಾರಿ_ಗೈಡ್:

ನಾನು ಆರ್ಕಿಟೆಕ್ಟ್ ಅಲ್ಲ, ಇಂಥದೇ ಒಂದು ಸೆಂಟರಲ್ಲಿ ತುಂಬಾ ಕಾಲ ಗೈಡ್ ಆಗಿದ್ದೆ, ಯಾವ್ದು ಅಂತ ಬೇಡ. ಜನ ಏನು ಮಾಡ್ತಾರೆ ಅಂತ ಹೇಳ್ತೀನಿ, ನಿಮಗೆ ಉಪಯೋಗ ಆಗ್ಬೋದು.

ಬಸ್ಸಿಂದ ಇಳಿದವರು ಮೊದಲು ಹುಡುಕೋದು ಟಾಯ್ಲೆಟ್. ಗಂಟೆಗಟ್ಟಲೆ ಕೂತು ಬಂದಿರ್ತಾರೆ, ಆ ಸ್ಥಿತಿಯಲ್ಲಿ ಅವರ ಮುಂದೆ ಎಂಥ ಪ್ರಪಂಚದ ಅದ್ಭುತ ಇಟ್ರೂ ಕಣ್ಣಿಗೆ ಹತ್ತಲ್ಲ. ನಮ್ಮಲ್ಲಿ ಟಾಯ್ಲೆಟ್ ಇದ್ದಿದ್ದು ವ್ಯೂ ಹಾಲ್ ದಾಟಿ ಆ ಕೊನೆಗೆ. ಹಾಗಾಗಿ ಹಾಲಿನ ಮಧ್ಯೆ ದಿನವಿಡೀ ಅವಸರದ ಓಡಾಟ, ಗಾಜಿನ ಮುಂದೆ ನಿಂತವರಿಗೆ ಹಿಂದಿಂದ ನೂಕು. ಟಾಯ್ಲೆಟ್ಟು, ಕುಡಿಯೋ ನೀರು, ಬ್ಯಾಗ್ ಇಡೋ ಜಾಗ, ಒದ್ದೆ ರೇನ್‌ಕೋಟ್ ನೇತು ಹಾಕೋ ಕೊಕ್ಕೆ, ಎಲ್ಲಾ ಪಾರ್ಕಿಂಗ್ ಹತ್ರಾನೇ ಮುಗಿಸಿಬಿಡಿ, ಆಮೇಲೆ ನಿಮ್ಮ ಓಣಿ ಶುರು ಆಗ್ಲಿ.

ಕಣ್ಣಿನ ಎತ್ತರ ಒಂದೂವರೆ ಮೀಟರ್ ಅಂತ ಮೇಲೆ ಬರೆದಿದಾರೆ, ಅದು ನಿಂತಿರೋ ದೊಡ್ಡವರಿಗೆ. ವೀಲ್‌ಚೇರಲ್ಲಿ ಕೂತವರ ಕಣ್ಣು 1.1ರಿಂದ 1.2 ಮೀಟರಲ್ಲಿರುತ್ತೆ, ಚಿಕ್ಕ ಮಕ್ಕಳದ್ದು ಇನ್ನೂ ಕೆಳಗೆ. ರೇಲಿಂಗಿನ ಮೇಲಿನ ಕೈಪಟ್ಟಿ ಸಾಮಾನ್ಯವಾಗಿ 1.1 ಮೀಟರ್ ಎತ್ತರ. ಅಂದ್ರೆ ಆ ದಪ್ಪ ಕಬ್ಬಿಣದ ಪಟ್ಟಿ ವೀಲ್‌ಚೇರಲ್ಲಿರೋರ ಕಣ್ಣಿಗೆ ನೇರ ಅಡ್ಡ. ಒಬ್ಬ ಅಜ್ಜಿನ ಅವರ ಮೊಮ್ಮಗಳು ತಳ್ಕೊಂಡು ರ‍್ಯಾಂಪ್ ಹತ್ತಿಸಿ ಪ್ಲಾಟ್‌ಫಾರ್ಮ್ ತುದಿವರೆಗೆ ತಂದ್ಲು, ಅಜ್ಜಿ ಕತ್ತು ಮೇಲೆ ಮಾಡಿದ್ರು, ಬಗ್ಗಿಸಿದ್ರು, ಕೊನೆಗೆ ಕೈಪಟ್ಟಿ ಮೇಲೆ ಗಲ್ಲ ಎತ್ತಿ ಇಟ್ಕೊಂಡು ನೋಡೋಕೆ ಪ್ರಯತ್ನ ಮಾಡಿದ್ರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ, ರ‍್ಯಾಂಪಿಗೆ ಅಷ್ಟು ಖರ್ಚು ಮಾಡಿ ಕೊನೇ ಒಂದಡಿ ಬಗ್ಗೆ ಯಾರೂ ಯೋಚನೆ ಮಾಡಿರ್ಲಿಲ್ಲ. ಒಂದು ಕಡೆಯಾದ್ರೂ ರೇಲಿಂಗ್ ಜಾಗದಲ್ಲಿ ಸಣ್ಣ ತಂತಿ ಜಾಲರಿ ಅಥವಾ ದಪ್ಪ ಗಾಜು ಕೊಡಿ, ಕೈಪಟ್ಟಿ ಸಣ್ಣದಿರ್ಲಿ. ಕಿಟಕಿಯಲ್ಲೂ ಅಷ್ಟೇ, 1.1ರಿಂದ 1.6ರ ಮಧ್ಯೆ ಅಡ್ಡಪಟ್ಟಿ ಬರ್ಲೇಬಾರ್ದು.

ಸಿಲ್ 45 ಸೆಂಟಿಮೀಟರ್ ಎತ್ತರ ಇಟ್ಟು ಅಗಲ ಮಾಡಿ, ಜನ ಅದರ ಮೇಲೇ ಕೂರ್ತಾರೆ. ಕೂತವರು ಹೆಚ್ಚು ಹೊತ್ತು ನೋಡ್ತಾರೆ, ಮಾತು ಕಮ್ಮಿ ಆಗುತ್ತೆ. ನಿಂತವರು ಫೋಟೋ ಹೊಡ್ಕೊಂಡು ಹೊರಡ್ತಾರೆ.

ಆಮೇಲೆ ಶಬ್ದ! ಡಬಲ್ ಗ್ಲೇಜಿಂಗ್ ಹಿಂದೆ ಫಾಲ್ಸ್ ಮೂಕ. ನಮ್ಮ ಹಾಲಲ್ಲಿ ಒಂದು ಕಡೆ ಸಣ್ಣ ಮರದ ಬಾಗಿಲಿತ್ತು, ಸಿಬ್ಬಂದಿಗೆ ಅಂತ ಇಟ್ಟಿದ್ದು, ಅದನ್ನ ತೆಗೆದಾಗಲೆಲ್ಲಾ ಆ ಮೊರೆತ, ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ ಒಟ್ಟಿಗೆ ನುಗ್ಗೋದು, ಗಾಜಿನ ಮುಂದೆ ಇದ್ದ ಜನ ಎಲ್ಲಾ ಆ ಕಡೆ ತಿರುಗೋರು. ಗಾಜಿಲ್ಲದ ಒಂದು ತೆರೆದ ಕಿಂಡಿ ದಯವಿಟ್ಟು ಕೊಡಿ.

ಅಂಚಿಂದ_ಹಿಂದೆ:

ಎಲ್ಲರೂ ಚೆನ್ನಾಗಿ ಹೇಳಿದಾರೆ, ಆದ್ರೆ ಮೂಲ ಪ್ರಶ್ನೆ ಯಾರೂ ಕೇಳಿಲ್ಲ. ಕಟ್ಟಡ ಅಲ್ಲಿ ಯಾಕೆ ಬೇಕು? ಷರತ್ತು 30 ಮೀಟರ್ ಅಂದ ಮಾತ್ರಕ್ಕೆ 30ರಲ್ಲೇ ಕಟ್ಬೇಕು ಅಂತೇನಿಲ್ಲ, 300 ಮೀಟರ್ ಹಿಂದೆ ಕಟ್ಟಿ.

ಉತ್ತರ ಐರ್ಲೆಂಡಿನ ಸಮುದ್ರ ದಡದಲ್ಲಿ ಬಸಾಲ್ಟ್ ಕಲ್ಲಿನ ಕಂಬಗಳಿರೋ ಜೈಂಟ್ಸ್ ಕಾಸ್‌ವೇ ನೋಡಿ. ಅಲ್ಲಿನ ಹಳೇ ಸೆಂಟರ್ 2000ದಲ್ಲಿ ಸುಟ್ಟುಹೋಯ್ತು, ಹೊಸದು ಹೆನೆಗನ್ ಪೆಂಗ್ ಆಫೀಸಿನವರು ಮಾಡಿ 2012ರಲ್ಲಿ ತೆರೆದ್ರು. ಕಟ್ಟಡ ಒಳಗಿಂದ ಆ ಬಸಾಲ್ಟ್ ಕಂಬಗಳು ಕಾಣೋದೇ ಇಲ್ಲ, ಅದಕ್ಕೆ ಸುಮಾರು ಒಂದು ಕಿಲೋಮೀಟರ್ ಕೆಳಗೆ ಇಳ್ಕೊಂಡು ಹೋಗ್ಬೇಕು. ನೆಲಾನೇ ಒಂದು ಕಡೆ ಎತ್ತಿ ಅದರಡಿ ಕಟ್ಟಡ, ಇನ್ನೊಂದು ಕಡೆ ತಗ್ಗಿಸಿ ಕಾರುಗಳನ್ನ ಅಡಗಿಸಿದಾರೆ, ಮೇಲೆ ಹುಲ್ಲು. ಕಲ್ಲು ನೋಡೋಕೆ ಬಂದವನಿಗೆ ಕಲ್ಲಿಗೂ ಅವನಿಗೂ ಮಧ್ಯೆ ಯಾವ ಗಾಜೂ ಇಲ್ಲ.

ನಾರ್ವೆಯ ಹ್ಯೆರ್ಕಿನ್ ಹತ್ರ ಸ್ನೋಹೆಟ್ಟ ಆಫೀಸಿನವರು 2011ರಲ್ಲಿ ಕಟ್ಟಿದ ಕಾಡು ಹಿಮಸಾರಂಗ ನೋಡೋ ಪೆವಿಲಿಯನ್ ಇದೆ. ಅದು ಗಾಜಿನದ್ದೇ, ನೋಟಕ್ಕೇ ಕಟ್ಟಿದ್ದು, ನಾನು ವಿರೋಧ ಮಾಡಲ್ಲ, ಯಾಕಂದ್ರೆ ಅದು ಸಣ್ಣದು, ನೂರು ಚದರ ಮೀಟರ್ ಕೂಡ ಇಲ್ಲ, ಮತ್ತೆ ಕಾರ್ ನಿಲ್ಲಿಸಿ ಒಂದೂವರೆ ಕಿಲೋಮೀಟರ್ ನಡೆದು ಬರ್ಬೇಕು. ಹೊರಗೆ ಕಬ್ಬಿಣದ ಚೌಕ ಪೆಟ್ಟಿಗೆ, ಒಳಗೆ ದೋಣಿ ಕಟ್ಟೋರು ಜೋಡಿಸಿದ ಪೈನ್ ಮರದ ಅಲೆ ಅಲೆ ಆಸನ, ಒಂದು ಒಲೆ, ಎದುರು ಬೆಟ್ಟ. ನಡೆದು ದಣಿದು ಬಂದವರಿಗೆ ಅಲ್ಲಿ ಕೂರೋದು ಕಷ್ಟಪಟ್ಟು ಗಳಿಸಿದ ಹಾಗಿರುತ್ತೆ. ಜೇ ಆಪಲ್ಟನ್ ಅನ್ನೋ ಭೂಗೋಳ ಪಂಡಿತ 1975ರಲ್ಲೇ ಹೇಳಿದ್ರು, ಮನುಷ್ಯನಿಗೆ ಬೆನ್ನಿಗೆ ಆಸರೆ ಇದ್ದು ಕಣ್ಣಿಗೆ ಬಯಲಿರೋ ಜಾಗ ಹಿಡಿಸುತ್ತೆ ಅಂತ. 40 ಮೀಟರ್ ಗಾಜಿನ ಹಾಲಲ್ಲಿ ಬಯಲಿದೆ, ಆಸರೆ ಎಲ್ಲಿದೆ?

ಇನ್ನೊಂದು ಗಂಭೀರ ವಿಷಯ, ನೆಲ. ಅಮೆರಿಕದ ಡೈನೋಸಾರ್ ನ್ಯಾಷನಲ್ ಮಾನ್ಯುಮೆಂಟಲ್ಲಿ ಪಳೆಯುಳಿಕೆ ಇರೋ ಬಂಡೆನೇ ಒಂದು ಗೋಡೆ ಮಾಡ್ಕೊಂಡು 1958ರಲ್ಲಿ ಗಾಜಿನ ಸೆಂಟರ್ ಕಟ್ಟಿದ್ರು, ಕಲ್ಪನೆ ಅದ್ಭುತ. ಆದ್ರೆ ಕೆಳಗಿದ್ದಿದ್ದು ನೀರು ಕುಡಿದ್ರೆ ಉಬ್ಬೋ ಜೇಡಿ, ಕಟ್ಟಡ ಅಲುಗಾಡಿ ಬಿರುಕು ಬಿಟ್ಟು 2006ರಲ್ಲಿ ಮುಚ್ಚಬೇಕಾಯ್ತು, ಸರಿಮಾಡಿ ತೆರೆದಿದ್ದು 2011ರಲ್ಲಿ. ಕಮರಿ ಅಂಚಿನ ಬಂಡೆಯಲ್ಲಿ ಲಂಬ ಸೀಳುಗಳಿರ್ತವೆ. ನಿಮ್ಮ ಚಾವಣಿ ನೀರು, ಟಾಯ್ಲೆಟ್ ನೀರು ಆ ಸೀಳಿಗೆ ಇಳಿದ್ರೆ ಬಂಡೆಗೂ ಅಪಾಯ, ಕೆಳಗಿನ ಹೊಳೆಗೂ. ಸೆಪ್ಟಿಕ್ ಟ್ಯಾಂಕ್ ಎಲ್ಲಿ ಅಂತ ತೀರ್ಮಾನ ಆಗದೆ ಕಿಟಕಿ ಎಲ್ಲಿ ಅಂತ ಗೆರೆ ಎಳೀಬೇಡಿ.

ಮತ್ತೆ ಎದುರು ದಡದಿಂದ ನಿಮ್ಮ ಕಟ್ಟಡ ಹೇಗೆ ಕಾಣುತ್ತೆ ಅಂತ ಒಂದಾದ್ರೂ ಡ್ರಾಯಿಂಗ್ ಮಾಡಿ. ಸಂಜೆ ದೀಪ ಹಾಕಿದ 40 ಮೀಟರ್ ಗಾಜು ಆ ಕಡೆಯಿಂದ ನೋಡೋರಿಗೆ ಕಮರಿನೇ ಹಾಳು ಮಾಡುತ್ತೆ.

ಕಲ್ಲುಗಾರೆ:

@ಅಂಚಿಂದ_ಹಿಂದೆ, ಸೆಪ್ಟಿಕ್ ವಿಷಯ ನೂರಕ್ಕೆ ನೂರು ಒಪ್ತೀನಿ. ಆದ್ರೆ 300 ಮೀಟರ್ ಹಿಂದೆ ಹೋಗಿ ಅನ್ನೋದು ಎಲ್ಲಾ ಕಡೆ ನಡೆಯಲ್ಲ. ಹಿಂದೆ ಕಟ್ಟಿದ್ರೆ ಮುಂದೆ ಕಾಲುದಾರಿ, ನೆರಳು, ಮಳೆಗೆ ಆಸರೆ, ಇವೆಲ್ಲಾ ಬಿಡಿಬಿಡಿಯಾಗಿ ಬೇಕೇ ಬೇಕು ಅಂತಾಗುತ್ತೆ, ಕೊನೆಗೆ ಅಂಚಲ್ಲಿ ತಗಡಿನ ಶೆಡ್ ಸಾಲು ಎದ್ದಿರುತ್ತೆ. ಅಂಚಲ್ಲೇ ಕಟ್ಟಿಯೂ ಅಂಚಿಗೆ ಸೇರಿಹೋಗ್ಬೋದು. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚಲ್ಲಿ ಮೇರಿ ಕೋಲ್ಟರ್ 1914ರಲ್ಲಿ ಮಾಡಿದ ಲುಕೌಟ್ ಸ್ಟುಡಿಯೋ ಬಂಡೆ ಬಣ್ಣದ್ದೇ ಒರಟು ಕಲ್ಲು, ಚಾವಣಿ ಗೆರೆ ಕೂಡ ಅಂಕುಡೊಂಕು, ದೂರದಿಂದ ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರು ಅಂತ ಹೇಳೋದು ಕಷ್ಟ. ಅವರದ್ದೇ 1932ರ ಡೆಸರ್ಟ್ ವ್ಯೂ ವಾಚ್‌ಟವರಲ್ಲಿ ಕಪ್ಪು ಗಾಜಿನ ಕನ್ನಡಿ ಇಟ್ಟಿದಾರೆ, ರಿಫ್ಲೆಕ್ಟೋಸ್ಕೋಪ್ ಅಂತ. ಅದರಲ್ಲಿ ಬಗ್ಗಿ ನೋಡಿದ್ರೆ ಬಿಸಿಲಿನ ಝಳ ಕಳೆದು ಕಮರಿಯ ಒಂದು ತುಂಡು ಮಾತ್ರ ಬಣ್ಣ ಗಾಢವಾಗಿ ಕಾಣುತ್ತೆ. ಮೇಡಂ, ನಿಮ್ಮ ಸಂಜೆ ಬಿಸಿಲಿನ ಸಮಸ್ಯೆಗೆ ಇದೂ ಒಂದು ಉಪಾಯ, ಪ್ರದರ್ಶನದ ಪ್ಯಾನೆಲ್ ನಾಲ್ಕು ಕಮ್ಮಿ ಮಾಡಿ ಒಂದು ಕಪ್ಪು ಕನ್ನಡಿ ಇಡಿ.

ಗೆರೆ_ಮತ್ತು_ಬಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಾ ಅಂತ ಅನ್ಕೊಂಡಿರ್ಲಿಲ್ಲ. ಆ ಸೆಕ್ಷನ್ ಗೆರೆ ಎಳೆದು ಪಾಲುದಾರರಿಗೆ ತೋರಿಸ್ದೆ, ಮಾತೇ ಬರ್ಲಿಲ್ಲ ಅವರಿಗೆ. ನಿಜವಾಗ್ಲೂ ಮೇಲಿನ 10 ಮೀಟರೇ. ರೆಂಡರನ್ನ ಕಣ್ಣೆತ್ತರಕ್ಕೆ ಇಳಿಸಿ ಮತ್ತೆ ಮಾಡ್ತಿದೀವಿ, ಕ್ಲೈಂಟ್ ಹತ್ರ ವಾದ ಮಾಡೋದೇ ಬೇಡ, ಆ ಚಿತ್ರವೇ ಹೇಳುತ್ತೆ.

ಈಗ ಯೋಚನೆ ಹೀಗಿದೆ. ಟಾಯ್ಲೆಟ್, ಪಾರ್ಕಿಂಗ್, ಟಿಕೆಟ್ ಎಲ್ಲಾ ಹಿಂದೆ ರಸ್ತೆ ಹತ್ರ, ಕೊಳಚೆ ನೀರು ಕಮರಿಗೆ ಬೆನ್ನು ಮಾಡಿ ಆ ಕಡೆಗೇ ಹರಿಯುತ್ತೆ. ಅಲ್ಲಿಂದ ಕಾಲುದಾರಿ, ಪೊದೆ ಸೀಳಿನ ಪಕ್ಕದಲ್ಲೇ ಹಾದು ಬರುತ್ತೆ, ಸೀಳಿನಲ್ಲಿ ಏನೂ ಕಟ್ಟಲ್ಲ, ಒಂದು ಬೆಂಚ್ ಕೂಡ ಇಲ್ಲ. ಆಮೇಲೆ ಒಂದು ಸಣ್ಣ ಕೋಣೆ ಮಾತ್ರ ಅಂಚಿನ ಕಡೆ, ವಾಯವ್ಯಕ್ಕೆ ತಿರುಗಿ, ತಗ್ಗು ಕಿಟಕಿ, ಕೂರೋ ಸಿಲ್, ಪಕ್ಕದಲ್ಲಿ ಗಾಜಿಲ್ಲದ ಕಿಂಡಿ. ಕೊನೆಗೆ ಪ್ಲಾಟ್‌ಫಾರ್ಮ್.

ಎರಡು ಪ್ರಶ್ನೆ ಉಳಿದಿದೆ. ಪ್ಲಾಟ್‌ಫಾರ್ಮನ್ನ ಫಾಲ್ಸಿಗೆ ಎಷ್ಟು ಹತ್ರ ತರ್ಬೇಕು? ಮತ್ತೆ ಟಿಕೆಟ್ ತಗೊಳ್ಳದೆ ಸುಮ್ನೆ ನೋಡೋಕೆ ಬರೋರಿಗೂ ಏನಾದ್ರೂ ಸಿಗ್ಬೇಕು ಅಂತ ನನ್ನ ಆಸೆ, ಅದಕ್ಕೆ ಹೇಗೆ ದಾರಿ ಮಾಡೋದು?

ಫಸಾಡ್_ಕೆಲಸ:

ಎರಡನೇದಕ್ಕೆ ಮೊದಲು. ಗ್ರೀನ್‌ಲ್ಯಾಂಡಿನ ಇಲುಲಿಸ್ಸಾತಲ್ಲಿ ಡೋರ್ಟೆ ಮಾಂಡ್ರಪ್ ಆಫೀಸಿನ ಐಸ್‌ಫ್ಯೋರ್ಡ್ ಸೆಂಟರ್ 2021ರಲ್ಲಿ ತೆರೀತು, ತಿರುಚಿದ ಸ್ಟೀಲ್ ಚೌಕಟ್ಟುಗಳ ಸಾಲು, ಅದರ ಚಾವಣಿನೇ ನಡೆಯೋ ದಾರಿ. ಊರಿಂದ ಬಂದ ಕಾಲುದಾರಿ ಚಾವಣಿ ಹತ್ತಿ ಆ ಕಡೆ ಇಳಿದು ಹಿಮನದಿ ಕಡೆ ಹೋಗುತ್ತೆ, ಒಳಗೆ ಹೋಗದವರಿಗೂ ಮೇಲೆ ನಿಲ್ಲೋಕೆ ಜಾಗ ಇದೆ. ನಿಮ್ಮಲ್ಲೂ ಆ ಸಣ್ಣ ಕೋಣೆ ಚಾವಣಿಗೆ 12ಕ್ಕೆ 1ರ ಇಳಿಜಾರಿನ ರ‍್ಯಾಂಪ್ ಕೊಟ್ರೆ ಆಯ್ತು, ಕಲ್ಲುಗಾರೆ ಸರ್ ಲೆಕ್ಕದ ಪ್ರಕಾರ ಮೇಲಿಂದ ಇನ್ನಷ್ಟು ಗೋಡೆ ಕಾಣುತ್ತೆ ಕೂಡ.

ಪ್ಲಾಟ್‌ಫಾರ್ಮಿಗೆ ಒಂದು ಚೆಂದದ ಲೆಕ್ಕ ಇದೆ. ಕಾಮನಬಿಲ್ಲು ಕಾಣೋದು ಸೂರ್ಯನಿಗೆ ನೇರ ಎದುರಿನ ಬಿಂದುವಿಂದ ಸುಮಾರು 42 ಡಿಗ್ರಿ ಸುತ್ತ. ಬೆಳಗ್ಗೆ ಸೂರ್ಯ ನೇರ ಪೂರ್ವದಲ್ಲಿ 30 ಡಿಗ್ರಿ ಏರಿದಾಗ ಆ ಬಿಂದು ಪಶ್ಚಿಮಕ್ಕೆ 30 ಡಿಗ್ರಿ ಕೆಳಗಿರುತ್ತೆ. ಅಲ್ಲಿಂದ 42 ಡಿಗ್ರಿ ಅಳೆದ್ರೆ, ವಾಯವ್ಯಕ್ಕೆ ತಿರುಗಿ ಕಣ್ಣನ್ನ 20 ಡಿಗ್ರಿ ಕೆಳಗೆ ಹಾಕಿದ್ರೆ ಸಿಗೋ ತುಂತುರಲ್ಲಿ ಬಿಲ್ಲು ಬೀಳುತ್ತೆ. ನಿಮ್ಮ ಫಾಲ್ಸ್ ಇರೋದು ಅಲ್ಲೇ, ಹೆಚ್ಚುಕಮ್ಮಿ ಅದರ ನಡುಭಾಗಕ್ಕೆ. ಆದ್ರೆ 20 ಡಿಗ್ರಿ ಕೆಳಗೆ ಕಾಣ್ಬೇಕು ಅಂದ್ರೆ ವಾಯವ್ಯದ ನೋಟದ ನೇರಕ್ಕೆ ಅಳೆದು ಅಂಚಿಂದ 4 ಮೀಟರ್ ಒಳಗೆ ನಿಂತಿರ್ಬೇಕು. ಹಾಗಾಗಿ ಫಾಲ್ಸಿಗೆ ಇನ್ನೂ ಹತ್ರ ಹೋಗೋದು ಬೇಡ, ಕೋನ ಹಾಳಾಗುತ್ತೆ, ಇರೋ ಜಾಗದಲ್ಲೇ ಅಂಚಿಗೆ ಹತ್ರ ಹೋಗಿ. ಬೆಳಗ್ಗೆ ಪ್ಲಾಟ್‌ಫಾರ್ಮ್, ಮಧ್ಯಾಹ್ನದ ಮೇಲೆ ಕೋಣೆ, ಆ ಥರ ಜನರನ್ನ ಕಳಿಸೋ ಹಾಗೆ ಬೋರ್ಡ್ ಹಾಕಿ.

ಕಾಲುದಾರಿ_ಗೈಡ್:

ಬೆಳಗ್ಗೆ ಬೇಗ ಬಾಗಿಲು ತೆಗೆಯೋ ಹಾಗೆ ಸಿಬ್ಬಂದಿ ಪಾಳಿ ಇಡೋಕೆ ಈಗಲೇ ಬರೆಸ್ಕೊಳ್ಳಿ ಮೇಡಂ. ಎಷ್ಟು ಕಡೆ ಒಳ್ಳೇ ಬೆಳಕಿನ ಹೊತ್ತಿಗೆ ಗೇಟಿಗೆ ಬೀಗ ಇರುತ್ತೆ.

ಅಂಚಿಂದ_ಹಿಂದೆ:

ಈಗ ಹೇಳಿದ ಪ್ಲಾನ್ ನನಗೂ ಒಪ್ಪಿಗೆ. ಇನ್ನೊಂದು ಮಾತು, ಆ ಜಾಗನ ತಲೆತಲಾಂತರದಿಂದ ಬಲ್ಲವರು, ಪೂಜೆ ಮಾಡೋರು, ದನ ಮೇಯಿಸೋರು ಯಾರಾದ್ರೂ ಇದ್ರೆ ಡ್ರಾಯಿಂಗ್ ಮುಗಿಯೋಕೆ ಮುಂಚೆ ಅವರನ್ನ ಕೇಳಿ. ಆಸ್ಟ್ರೇಲಿಯಾದಲ್ಲಿ ಉಲೂರು ಅನ್ನೋ ಭಾರಿ ಬಂಡೆ ಹತ್ರದ ಸಾಂಸ್ಕೃತಿಕ ಕೇಂದ್ರ, 1995ರಲ್ಲಿ ತೆರೆದಿದ್ದು, ಅದನ್ನ ಗ್ರೆಗರಿ ಬರ್ಜೆಸ್ ಡಿಸೈನ್ ಮಾಡಿದ್ದು ಅಲ್ಲಿನ ಅನಂಗು ಜನರ ಜೊತೆ ಕೂತು. ಅವರಿಗೆ ಆ ಬಂಡೆಯ ಕೆಲವು ಭಾಗ ಪವಿತ್ರ, ಅಲ್ಲಿ ಫೋಟೋ ಬೇಡ ಅಂತಾರೆ. ಬಂಡೆ ಹತ್ತೋದನ್ನೂ 2019ರ ಅಕ್ಟೋಬರಲ್ಲಿ ನಿಲ್ಲಿಸಿದ್ರು. ಯಾವ ಕಡೆ ಕಿಟಕಿ ಇಡಬಾರದು ಅನ್ನೋದನ್ನ ಯಾವ ಸರ್ವೇನೂ ಹೇಳಲ್ಲ, ಅಲ್ಲಿನ ಜನ ಹೇಳ್ತಾರೆ.

ಗೆರೆ_ಮತ್ತು_ಬಂಡೆ:

ಇದು ತಲೆಗೆ ಬಂದಿರ್ಲಿಲ್ಲ ಸರ್. ಕೆಳಗಿನ ಹೊಳೆ ದಡದಲ್ಲಿ ಮನೆಗಳಿವೆ, ಮೊದಲು ಅಲ್ಲಿಗೆ ಹೋಗಿ ಮಾತಾಡ್ತೀನಿ.

ಕಲ್ಲುಗಾರೆ:

ಅದಾದ್ಮೇಲೆ ಸೈಟಲ್ಲಿ ಕಿಟಕಿನ ನಿಜ ಅಳತೆಗೇ ಕಟ್ಟಿ ನೋಡಿ. ನಾಲ್ಕು ಕಂಬ ನೆಟ್ಟು, ಲಿಂಟಲ್ ಎತ್ತರಕ್ಕೆ ಹಗ್ಗ ಎಳೆದು, ಸುತ್ತ ಕಪ್ಪು ಬಟ್ಟೆ ಕಟ್ಟಿ, ಒಳಗೆ ಸಿಲ್ ಎತ್ತರಕ್ಕೆ ಹಲಗೆ ಹಾಕಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಕೂತು ಹಗ್ಗನ ಮೇಲೆ ಕೆಳಗೆ ಸರಿಸಿ, ಎಲ್ಲಿ ಆಕಾಶ ಹೋಗಿ ನೀರು ಮಾತ್ರ ಉಳಿಯುತ್ತೋ ಅಲ್ಲಿ ಗಂಟು ಹಾಕಿ ಟೇಪ್ ಹಿಡೀರಿ. ಕ್ಲೈಂಟನ್ನೂ ಸಂಜೆ ನಾಲ್ಕಕ್ಕೆ ಕರ್ಕೊಂಡು ಬನ್ನಿ, ಬಟ್ಟೆ ಕಟ್ಟಿದ್ದರ ಒಳಗೆ ಸ್ವಲ್ಪ ಹೊತ್ತು, ಹೊರಗೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಅಳತೆ ಸಿಕ್ಕಿದ್ಮೇಲೆ ಇಲ್ಲೇ ಹಾಕಿ, ಛಜ್ಜಾ ಎಷ್ಟು ಚಾಚಬೇಕು ಅಂತ ಒಟ್ಟಿಗೆ ಲೆಕ್ಕ ಹಾಕೋಣ.